ನಾಲ್ಕನೆಯದು

ಎಂಜಿನ್ ತಣ್ಣಗಾಗಲೆಂದು ರಾತ್ರಿಯೆಲ್ಲ ಬಿಟ್ಟಿದ್ದೆ.
ಬೆಳಿಗ್ಗೆ ಬಾನೆಟ್ ಎತ್ತಿದರೆ
ಇಲಿಯೊಂದು ಕೆನೋಲಾ ಹೊಟ್ಟು ತಂದು ಗೂಡು ಕಟ್ಟಿದೆ
ಬ್ಯಾಟರಿಯ ಬಗಲಲ್ಲಿ.
ಕನೋರಾದಲ್ಲಿ ಅಕ್ಟೋಬರ್ ಅಂದರೆ ಹಾಗೇ,
ಎಲ್ಲರೂ ಒಂದು ಸಂದಿ ಹುಡುಕುವವರೇ.

ಗಾಡಿ ಪ್ರೊಕೋಪ್ ಹ್ನಾಟ್ಯುಕನದು.
ಹೋದ ಚಳಿಗಾಲ ಅವನು ತೀರಿಕೊಂಡ ಮೇಲೆ
ಸ್ಟೆಫಾ ನನಗೆ ಮಾರಿದಳು,
ಎರಡು ಸಾವಿರ ಡಾಲರಿಗೆ. ಕೊಸರಿಗೆ
ಒಂದು ಚೀಲ ಬೀಟ್‌ರೂಟು.
ಹದಿನೆಂಟು ವರ್ಷದ ಫೋರ್ಡ್ ಪಿಕಪ್ಪು.
ಡ್ಯಾಶ್‌ಬೋರ್ಡಿನ ಹಳದಿ ದೀಪದ ಮೇಲೆ
ಅವನೇ ಅಂಟಿಸಿದ ಕಪ್ಪು ಟೇಪು:
ಕಾಣದಿದ್ದರೆ ಇಲ್ಲ ಎಂಬ ಸಿದ್ಧಾಂತ.

ಓಡುತ್ತದೆ, ಆದರೆ ಉಗ್ಗುತ್ತದೆ.
ಟಕ್ ಟಕ್ ಟಕ್, ಒಂದು ಗುಟುಕು ನುಂಗಿ, ಟಕ್ ಟಕ್.
ನಮ್ಮ ಬೀದಿಯ ಕೂಸಿಗೂ ಗೊತ್ತಿತ್ತು ಆ ಸದ್ದು.
ಪ್ರೊಕೋಪ್ ಬಂದ, ಸೂಪು ಬಿಸಿಗಿಡಿ.

ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ನನ್ನದು.
ಗ್ಯಾರೇಜಿನವನು ಕೇಳಿದ ಆರುನೂರು
ಎಷ್ಟು ರಾತ್ರಿಯ ಚಾದರ ಎಂದು ಲೆಕ್ಕ ಹಾಕಿ
ಎಂಟು ಪ್ಲಗ್ಗು ನಾನೇ ಕೊಂಡು ತಂದೆ.
ಉದ್ದ ಸಾಕೆಟ್ಟು ಓರೆಸ್ಟನಿಂದ ಎರವಲು,
ಅವನ ಉಪದೇಶ ಪುಕ್ಕಟೆ:
ಬಲ ಹಾಕಬೇಡ. ಮುರಿದರೆ
ಅರ್ಧ ಒಳಗೇ ಉಳಿದುಬಿಡುತ್ತೆ.

ಮೊದಲನೆಯದಕ್ಕೆ ಎಣ್ಣೆ ಬಿಟ್ಟು ಟೀ ಕುಡಿದು ಬಂದೆ.
ಕಾಲುಸುತ್ತು ಬಿಡಿಸು, ತುಸು ಬಿಗಿ ಮಾಡು, ಮತ್ತೆ ಬಿಡಿಸು,
ಹಟಮಾರಿ ಹಸುವನ್ನು ಬಾಗಿಲು ದಾಟಿಸಿದ ಹಾಗೆ.
ಕೀರ್ ಅಂದಿತು. ನನ್ನ ಹಲ್ಲೂ ಕೀರ್ ಅಂದವು.
ಬಂತು.
ತುದಿಗೆ ಬಿಸ್ಕತ್ತಿನ ಬಣ್ಣ. ಸವೆದೇ ಇಲ್ಲ.
ಎರಡನೆಯದೂ ಹಾಗೇ. ಮೂರನೆಯದೂ.
ಎಡಮಗ್ಗುಲಿನ ನಾಲ್ಕೂ
ಒಂದೇ ಕಂಪನಿ, ಒಂದೇ ಪ್ರಾಯ,
ಯಾರೋ ಈಚೆಗಷ್ಟೇ ಜತನದಿಂದ ಹಾಕಿದವು.
ಇವಕ್ಕೇನು ರೋಗ? ನನ್ನ ದುಡ್ಡು ನೀರಿಗೆ ಬಿತ್ತೇ?

ಉಳಿದದ್ದು ನಾಲ್ಕನೆಯದು.
ಬಲಗಡೆ ಕಟ್ಟಕಡೆಗೆ, ತಗಡಿನ ಗೋಡೆಯ ಅಡಿ,
ಕಣ್ಣಿಗೆ ಕಾಣದು, ಕೈಗೆ ಎಟುಕದು.
ಮೊಣಕೈ ಸಿಕ್ಕಿಕೊಂಡು ಚರ್ಮ ಸುಲಿಯಿತು.
ಸತ್ತ ಅಜ್ಜಿ ಕೇಳಬಾರದ ಎರಡು ಮಾತು
ಅವಳದೇ ಉಕ್ರೇನಿಯನ್ನಿನಲ್ಲಿ ಆಡಿದೆ.
ಕೊನೆಗೆ ಲಾರಿಸ್ಸಾ ಫೆಂಡರಿನ ಮೇಲೆ ಮಕಾಡೆ ಮಲಗಿ
ಹನ್ನೊಂದು ವರ್ಷದ ತೆಳುಗೈ ಇಳಿಬಿಟ್ಟಳು.
ಬೆರಳು ಕತ್ತಲಲ್ಲಿ ತಡಕಿ ಓದಿತು:
‘ಅಮ್ಮಾ, ಇದು ಬೇರೆ ಥರ ಇದೆ.’

ಬೇರೆಯೇ. ಕಾರ್ಖಾನೆಯಲ್ಲಿ ಹುಟ್ಟಿದಾಗ ಹಾಕಿದ್ದು.
ಕರಕಲು ತುದಿ. ಕಿಡಿ ಹಾರಬೇಕಾದ ಅಂತರ
ಮುದುಕನ ಮುಂಹಲ್ಲ ಸಂದಿಯಷ್ಟು ಅಗಲ.

ಏಳು ಬದಲಿಸಿ ಎಂಟನೆಯದಕ್ಕೆ ಸೋತಿದ್ದ ಪ್ರೊಕೋಪ್.
ಅವನ ಅಂಗೈ ನೆನಪಿದೆ, ರೊಟ್ಟಿ ಲಟ್ಟಿಸುವ ಮಣೆ.
ಸೋತದ್ದು ಯಾರಿಗೂ ಹೇಳಲಿಲ್ಲ,
ಟೇಪು ಅಂಟಿಸಿದ. ಮೂರು ವರ್ಷ
ಉಗ್ಗುತ್ತಲೇ ಚರ್ಚಿಗೆ, ಗೋಧಿ ಹಾಕಲು ಎಲಿವೇಟರಿಗೆ,
ವಾರಕ್ಕೆ ಮೂರು ಸಲ ಡಯಾಲಿಸಿಸಿಗೆ.

ಹೊಸದನ್ನು ರಬ್ಬರ್ ಕೊಳವೆಯ ತುದಿಗೆ ಸಿಕ್ಕಿಸಿ
ಥ್ರೆಡ್ಡು ಕಚ್ಚುವ ತನಕ ಅವಳೇ ತಿರುಗಿಸಿದಳು.
ಕೀಲಿ ತಿರುಗಿಸಿದೆ.
ಎಷ್ಟು ನುಣುಪು. ಓಡುತ್ತಿದೆಯೋ ಇಲ್ಲವೋ ಎಂದು
ಕೈಯಿಟ್ಟು ನೋಡಬೇಕಾಯಿತು.
ಇಲಿಯ ಗೂಡನ್ನು ಹಾಗೇ ಎತ್ತಿ
ಸೌದೆಯ ಕೊಟ್ಟಿಗೆಯಲ್ಲಿ ಇಟ್ಟೆ, ಬಂದರೆ ಬರಲಿ.

ಸಂಜೆ ಕೆಲಸಕ್ಕೆ ಹೋಗುತ್ತ ಸ್ಟೆಫಾಳ ಮನೆ ದಾಟಿದೆ.
ವಸಂತದಿಂದ ದಿನವೂ, ನನ್ನ ಗಾಡಿಯ ಸದ್ದಿಗೆ
ಬೇಲಿಯ ತನಕ ಓಡಿಬಂದು, ನನ್ನನ್ನು ಕಂಡು
ಪೆಚ್ಚಾಗಿ ಹಿಂದಿರುಗುತ್ತಿತ್ತು ಬುರ್ಕೋ.
ಇವತ್ತು ಮೆಟ್ಟಿಲ ಮೇಲೆ ಮಲಗೇ ಇತ್ತು.
ಕಿವಿ ಕೂಡ ಎತ್ತಲಿಲ್ಲ.

ಮಾರನೆಯ ದಿನ ಅಂಚೆ ಕಚೇರಿಯಲ್ಲಿ ಸ್ಟೆಫಾ ಕೇಳಿದಳು:
ಗಾಡಿ ಮಾರಿಬಿಟ್ಟೆಯಾ? ನಿನ್ನೆ ಕೇಳಿಸಲೇ ಇಲ್ಲ.
ಹಳೆಯ ಪ್ಲಗ್ಗು ನನ್ನ ಕೋಟಿನ ಜೇಬಲ್ಲೇ ಇತ್ತು.
ಇಲ್ಲ, ಅಂದೆ. ರಿಪೇರಿ ಆಯಿತು.
ಹೌದಾ, ಅಂದಳು.
ಲಕೋಟೆಗೆ ಸ್ಟಾಂಪು ಒತ್ತಿ, ಇನ್ನೊಂದು ಸಲ ಒತ್ತಿ,
ಒಳ್ಳೆಯದೇ ಆಯಿತು ಬಿಡು, ಅಂದಳು.